ಪಿನ್‌ಕೋಡ್ ಒಡೆಯುತ್ತಿದ್ದ ಮಾಸ್ತರು

ಕುಮಟೆಯ ಮಳೆಗಾಲದಲ್ಲಿ ಪಿ.ಟಿ. ಪಿರಿಯಡ್ ಹೆಸರಿಗೆ ಮಾತ್ರ. ಮೈದಾನದಲ್ಲಿ ನೀರು, ಪಿರಿಯಡ್ ಸೀದಾ ಗಣಿತ ಮಾಸ್ತರ ಪಾಲು. ಪುಸ್ತಕ ತರುತ್ತಿರಲಿಲ್ಲ ಅನ್ನೋದೊಂದೇ ನಮಗೆ ಸಮಾಧಾನ. ಒಂದು ದಿನ ಬೋರ್ಡಿನ ಮೇಲೆ 581343 ಅಂತ ಬರೆದು "ಇದು ಎಲ್ಲಿಯ ನಂಬರು, ಹೇಳಿ ನೋಡುವ" ಅಂದರು.

ನಮ್ಮೂರಿನ ಪಿನ್‌ಕೋಡೇ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಇದನ್ನು ಶುರು ಮಾಡಿತು, ಕೊನೆಯ ಮೂರು ಅಂಕಿ ಅಂಚೆ ಕಚೇರಿಯದ್ದು, ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ "ಈಗ ಒಡೀರಿ" ಅಂದರು.

ಅಂಕಿಗಳ ಮೊತ್ತ 24, ಹಾಗಾಗಿ 3 ಹೋಗುತ್ತದೆ. ಆಮೇಲೆ 7, ಆಮೇಲೆ 19. ಉಳಿದದ್ದು 1457. ಅದು ಒಡೆಯುವ ಜಾತಿಯದ್ದಲ್ಲ ಅಂತ ಎಲ್ಲರೂ ಪೆನ್ನು ಕೆಳಗಿಟ್ಟಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸರ್, 31 ಇಂಟು 47" ಅಂದಳು. ಐದು ಅವಿಭಾಜ್ಯ ಸಂಖ್ಯೆಗಳು, ಒಂದೂ ಎರಡು ಸಲ ಬಂದಿಲ್ಲ. ಹಾಗಾದರೆ ಭಾಜಕಗಳು ಎಷ್ಟು? ಪ್ರತಿಯೊಂದನ್ನೂ ತಗೊಳ್ಳಬಹುದು ಇಲ್ಲವೇ ಬಿಡಬಹುದು, ಅಂದರೆ ಐದು ಸಲ ಎರಡರಿಂದ ಗುಣಿಸಿ, 32.

ಅಲ್ಲಿಂದ ಜಿಲ್ಲೆಯೆಲ್ಲ ಸುತ್ತಿದೆವು. ಕಾರವಾರದ 581301ರಲ್ಲಿ ಎರಡು 3, ಒಂದು 7 ಹೋದ ಮೇಲೆ 9227 ಜಗ್ಗಲೇ ಇಲ್ಲ. ಭಟ್ಕಳದ 581320 ಸಮೃದ್ಧ ಸಂಖ್ಯೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ತನಗಿಂತ ಜಾಸ್ತಿ. ನನಗೆ ಇಷ್ಟವಾದದ್ದು ಮುರುಡೇಶ್ವರ. 581350ರ ಅಂಕಿಗಳ ಮೊತ್ತ 22, ಅದೇ 22ರಿಂದ ಸಂಖ್ಯೆ ಪೂರ್ತಿ ಭಾಗವಾಗುತ್ತದೆ. ಇಂಥವಕ್ಕೆ ಹರ್ಷದ ಸಂಖ್ಯೆ ಅಂತ ಹೆಸರಿಟ್ಟ ಡಿ. ಆರ್. ಕಾಪ್ರೇಕರ್ ಕೂಡ ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರೇ. ಇದನ್ನು ಹೇಳುವಾಗ ನಮ್ಮ ಮಾಸ್ತರ ದನಿಯಲ್ಲಿ ಸ್ವಲ್ಪ ಜಂಬ ಇರುತ್ತಿತ್ತು, ಇರಬೇಕಾದ್ದೇ ಬಿಡಿ.

ಸತಾಯಿಸಿದ್ದು ಶಿರಸಿ. 581401. 17ರಿಂದ ಭಾಗಿಸಿದರೂ ಶೇಷ 1, 19ರಿಂದಲೂ 1. ಅದರ ವರ್ಗಮೂಲ 762ರ ಚಿಲ್ಲರೆ, ಹಾಗಾಗಿ ಅಲ್ಲಿಯವರೆಗಿನ ಅವಿಭಾಜ್ಯಗಳನ್ನು ಮಾತ್ರ ನೋಡಿದರೆ ಸಾಕು ಅಂದರು, ಆದರೆ ಅವೇ 135 ಇವೆ ಮಾರಾಯ್ರೇ! ಬೆಂಚಿಗೆ ಇಷ್ಟು ಅಂತ ಹಂಚಿಕೊಂಡೆವು. 100 ದಾಟಿತು, 200 ದಾಟಿತು, 400 ದಾಟಿದಾಗ ಇದು ಅವಿಭಾಜ್ಯವೇ ಅಂತ ಅರ್ಧ ಕ್ಲಾಸು ತೀರ್ಮಾನಿಸಿಯಾಗಿತ್ತು. ಮಾಸ್ತರು "ತಮಾ, ಇನ್ನೊಂದು ಸ್ವಲ್ಪ" ಅಂದರು. 82ನೆಯ ಅವಿಭಾಜ್ಯ 421ಕ್ಕೆ ಬಿತ್ತು. 421 ಇಂಟು 1381, ಎರಡೇ ತುಂಡು. ಅವರಿಗೆ ಮೊದಲೇ ಗೊತ್ತಿತ್ತು ಅಂತ ನನ್ನ ಅನುಮಾನ.

ಗುಣಿಸೋಕೆ ಒಂದು ನಿಮಿಷ ಸಾಕು, ಒಡೆಯೋಕೆ ಅಷ್ಟೂ ಪಿರಿಯಡ್ ಬೇಕಾಯಿತು. ಮುಂದೆ ಇಂಜಿನಿಯರಿಂಗ್‌ನಲ್ಲಿ ಆರ್‌ಎಸ್‌ಎ ಪಾಠ ಬಂತು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಕಂಡುಹಿಡಿದ ಗುಪ್ತಲಿಪಿ. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸಿ ಗುಣಲಬ್ಧವನ್ನು ಎಲ್ಲರ ಎದುರಿಗೇ ಇಡುತ್ತಾರೆ, ಯಾರೂ ಒಡೆಯಲಾರರು ಅನ್ನೋ ಧೈರ್ಯದ ಮೇಲೆ. 2048 ಬಿಟ್‌ನ ಕೀ ಅಂದರೆ 617 ಅಂಕಿಯ ಸಂಖ್ಯೆ. ಉಳಿದವರು ಯಾಕೆ ಒಡೆಯೋಕಾಗಲ್ಲ ಅಂತ ಕೇಳುತ್ತಿದ್ದರು. ನಾನು ಸುಮ್ನೆ ಶಿರಸಿಯನ್ನು ನೆನೆಸಿಕೊಂಡು ಕೂತಿದ್ದೆ.

ಈಗ ಅಲ್ಲಿ ಓದುತ್ತಿರುವವರಿಗೆ ಒಂದು ಕೆಲಸ. ಹೊನ್ನಾವರದ 581334 ಕೂಡ ಕುಮಟೆಯ ಹಾಗೇ ಐದು ಬೇರೆ ಬೇರೆ ಅವಿಭಾಜ್ಯಗಳಿಗೆ ಒಡೆಯುತ್ತದೆ. 2, 3, 13 ನಾನೇ ಹೇಳಿಬಿಡುತ್ತೇನೆ. ಉಳಿದೆರಡು ನಿಮ್ಮ ಪಾಲು, ಕ್ಯಾಲ್ಕುಲೇಟರ್ ಮುಟ್ಟುವ ಹಾಗಿಲ್ಲ.