ಎರಡನೆಯ ಪೀರಿಯಡ್

ಅದು ಆಗಸ್ಟ್ ತಿಂಗಳ ಒಂದು ಶುಕ್ರವಾರ. ಬೆಳಗಿನ ಐದು ಗಂಟೆಗೆ ರೇಡಿಯೋದಲ್ಲಿ ಎರಡನೆಯ ಸಂಖ್ಯೆಯ ಚಂಡಮಾರುತ ಸಂಕೇತದ ಘೋಷಣೆಯಾಯಿತು. ನಮ್ಮ ಫಿಲಿಪ್ಪೀನ್ಸಿನಲ್ಲಿ 2012ರಲ್ಲಿ ಬಂದು ಆಗ ಜಾರಿಯಲ್ಲಿದ್ದ ನಿಯಮದಂತೆ, ಸಂಕೇತ ಎರಡಕ್ಕೇರಿತೆಂದರೆ ಹೈಸ್ಕೂಲಿನವರೆಗಿನ ಎಲ್ಲ ತರಗತಿಗಳಿಗೂ ತಾನಾಗಿಯೇ ರಜೆ ಸಿಗುತ್ತಿತ್ತು. ಹತ್ತನೆಯ ತರಗತಿಯಲ್ಲಿದ್ದ ನನ್ನ ತಮ್ಮ ಸುದ್ದಿ ಕೇಳಿದವನೇ ಕಂಬಳಿಯನ್ನು ತಲೆಯ ಮೇಲಕ್ಕೆಳೆದುಕೊಂಡು ಮಗ್ಗುಲು ಬದಲಿಸಿದ. ನಾನೂ ಪಾಠ ಹೇಳುವವಳೇ ಆದರೂ ಆ ರಜೆ ನನಗೆ ಅನ್ವಯಿಸುತ್ತಿರಲಿಲ್ಲ. ನಾನು ಕೆಲಸಕ್ಕಿದ್ದುದು ಬಾಗಿಯೊ ನಗರದ ಒಂದು ಇಂಗ್ಲಿಷ್ ಅಕಾಡೆಮಿಯಲ್ಲಿ. ಅಲ್ಲಿಯ ವಿದ್ಯಾರ್ಥಿಗಳೆಲ್ಲ ಕೊರಿಯಾದವರು, ತರಗತಿಗಳ ಮೇಲಿನ ಮಹಡಿಯಲ್ಲೇ ಅವರ ವಾಸ. ಅವರು ಮೆಟ್ಟಿಲಿಳಿದು ಬಂದರೆ ಸಾಕು, ಪಾಠ ಶುರು. ಮಳೆಯಲ್ಲಿ ತೋಯುತ್ತ ಬರಬೇಕಾದವರು ನಾವು.

ನಮ್ಮ ಮನೆ ಇರುವುದು ಲಾ ತ್ರಿನಿದಾದ್‌ನಲ್ಲಿ, ಬಾಗಿಯೊಗೆ ಅಂಟಿಕೊಂಡೇ ಇರುವ ಕಣಿವೆಯ ಊರಿನಲ್ಲಿ. ಸ್ಟ್ರಾಬೆರಿಗೆ ಹೆಸರಾದ ಆ ಊರಿನಿಂದ ತರಕಾರಿಯೂ ಲೋಡುಗಟ್ಟಲೆ ಮನಿಲಾಕ್ಕೆ ಹೋಗುತ್ತದೆ. ನನ್ನ ಅಮ್ಮನದು ಅದೇ ಎಲೆಕೋಸು, ಕ್ಯಾರೆಟ್‌ಗಳ ಸಣ್ಣ ವ್ಯಾಪಾರ. ಅನ್ನ ಮತ್ತು ಹುರಿದ ಒಣಮೀನಿನ ಬುತ್ತಿಯನ್ನು ಚೀಲದ ತಳಕ್ಕೆ ಹಾಕಿ, ಶೂಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹವಾಯಿ ಚಪ್ಪಲಿಯಲ್ಲಿ ಜೀಪ್ನಿ ಎಂಬ ನಮ್ಮ ಸಣ್ಣ ಬಸ್ಸು ಹತ್ತಿದೆ. ಜೀಪ್ನಿಯ ಪಕ್ಕಗಳಿಗೆ ಗಾಜಿರುವುದಿಲ್ಲ, ಮಳೆಗಾಲದಲ್ಲಿ ಇಳಿಬಿಡುವ ಪ್ಲಾಸ್ಟಿಕ್ ಪರದೆಯಷ್ಟೆ. ಆ ಪರದೆ ಮಳೆಯನ್ನು ತಡೆಯುವುದಕ್ಕಿಂತ ಹೆಚ್ಚಾಗಿ ನಮ್ಮ ಬೆನ್ನಿಗೆ ಬಡಿಯುತ್ತಿತ್ತು. ಅಕಾಡೆಮಿ ತಲುಪಿದಾಗ ಎಂಟಕ್ಕೆ ನಾಲ್ಕು ನಿಮಿಷವಿತ್ತು. ಆದರೆ ಹಾಜರಿಯ ಯಂತ್ರ ನನ್ನ ಬೆರಳನ್ನು ಗುರುತಿಸಲಿಲ್ಲ. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳನ್ನು ಲಂಗಕ್ಕೆ ಒರೆಸಿ, ಉಸಿರು ಊದಿ ಬೆಚ್ಚಗೆ ಮಾಡಿ, ಮತ್ತೆ ಮತ್ತೆ ಒತ್ತಿದೆ. ಏಳನೆಯ ಸಲಕ್ಕೆ ಹಸಿರು ದೀಪ ಹತ್ತಿತು. ಅಷ್ಟರಲ್ಲಿ ಎಂಟು ಗಂಟೆ ಒಂದು ನಿಮಿಷವಾಗಿತ್ತು. ತಡವಾದದ್ದಕ್ಕೆ ಸಂಬಳದಲ್ಲಿ ಕಡಿತ. ನನ್ನ ಹಿಂದೆ ಸಾಲಿನಲ್ಲಿದ್ದ ಆರು ಜನರಿಗೂ ಅದೇ ಗತಿ.

ಬಾಗಿಯೊ ಸುಮಾರು 1500 ಮೀಟರ್ ಎತ್ತರದಲ್ಲಿರುವ ಗುಡ್ಡದ ಊರು. ಮನಿಲಾದ ಸೆಕೆ ತಾಳಲಾರದ ಅಮೆರಿಕನ್ನರು ಕಳೆದ ಶತಮಾನದ ಆರಂಭದಲ್ಲಿ ಕಟ್ಟಿಕೊಂಡದ್ದು. ಪೈನ್ ಮರಗಳ ತಂಪು, ರಾಜಧಾನಿಯ ಗದ್ದಲವಿಲ್ಲದ ಓದಿನ ವಾತಾವರಣ, ಕೆನಡಾ, ಆಸ್ಟ್ರೇಲಿಯಾಗಳಿಗಿಂತ ಬಹಳ ಕಡಿಮೆ ಖರ್ಚು, ಇವೆಲ್ಲ ಅಕಾಡೆಮಿಗಳ ಜಾಹೀರಾತಿನಲ್ಲಿರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಗೆದ ಬಟ್ಟೆ ಒಣಗುವುದಿಲ್ಲ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಕೊರಿಯಾದಲ್ಲಿ ಕಾಲೇಜಿಗೆ ರಜೆ ಬಿಡುವ ಜುಲೈ, ಆಗಸ್ಟ್ ಮತ್ತು ಜನವರಿ, ಫೆಬ್ರುವರಿ ನಮಗೆ ಸುಗ್ಗಿ; ಉಳಿದ ತಿಂಗಳುಗಳಲ್ಲಿ ತರಗತಿಗಳು ಕಡಿಮೆಯಾದಂತೆ ಸಂಬಳವೂ ಇಳಿಯುತ್ತದೆ, ಏಕೆಂದರೆ ನಮಗೆ ಹಣ ಸಿಗುವುದು ತಿಂಗಳ ಲೆಕ್ಕದಲ್ಲಲ್ಲ, ಪೀರಿಯಡ್ಡಿನ ಲೆಕ್ಕದಲ್ಲಿ. ಹಾಗಾಗಿ ನಾವು ವಿದ್ಯಾರ್ಥಿಗಳನ್ನು ಹೆಸರಿಗಿಂತ ಪೀರಿಯಡ್ಡಿನಿಂದಲೇ ಗುರುತಿಸುತ್ತಿದ್ದೆವು. ‘ನನ್ನ ಐದನೆಯ ಪೀರಿಯಡ್ಡಿಗೆ ಜ್ವರ’ ಎಂದರೆ ಆ ಐವತ್ತು ನಿಮಿಷದ ಗಳಿಕೆಗೂ ಜ್ವರ ಬಂದಂತೆಯೇ.

ನನ್ನ ತರಗತಿಯೆಂದರೆ ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ಒಂದು ಸಣ್ಣ ಬಿಳಿ ಹಲಗೆ. ಇಬ್ಬರೂ ನೇರವಾಗಿ ಕುಳಿತರೆ ಮೊಣಕಾಲುಗಳು ತಾಗುವಷ್ಟು ಜಾಗ. ಪ್ಲೈವುಡ್ಡಿನ ಗೋಡೆ ಸೂರಿಗೆ ಮುಟ್ಟದೆ ಅರ್ಧಕ್ಕೇ ನಿಂತಿದ್ದರಿಂದ ಅಂಥ ಮೂವತ್ತು ಗೂಡುಗಳ ಇಂಗ್ಲಿಷೂ ಮೇಲೆ ಒಂದಾಗಿ ಕಲೆತು ಮತ್ತೆ ನಮ್ಮ ತಲೆಯ ಮೇಲೆಯೇ ಇಳಿಯುತ್ತಿತ್ತು. ಪ್ರತಿ ಗೂಡಿನ ಬಾಗಿಲಿಗೂ ‘ಇಂಗ್ಲಿಷ್ ಮಾತ್ರ’ ಎಂಬ ಫಲಕ. ಕೊರಿಯನ್ ಮಾತಾಡಿ ಸಿಕ್ಕಿಬಿದ್ದವರಿಗೆ ದಂಡ. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಮೂರನೆಯ ತರಗತಿ ನೆನಪಾಗುತ್ತಿತ್ತು. ಮನೆಯಲ್ಲಾಡುವ ಇಲೊಕಾನೊ ಭಾಷೆಯ ಒಂದು ಪದ ಬಾಯಿಂದ ಬಿದ್ದರೆ ಒಂದು ಪೆಸೊ ದಂಡವೆಂದು ನಮ್ಮ ಟೀಚರು ಖಾಲಿ ಹಾಲಿನಪುಡಿ ಡಬ್ಬವೊಂದನ್ನು ಮೇಜಿನ ಮೇಲಿಟ್ಟಿದ್ದರು. ಆ ಡಬ್ಬ ತುಂಬಿಸಿದವರಲ್ಲಿ ನಾನೂ ಒಬ್ಬಳು. ಈಗ ಅದೇ ನಾನು ದಂಡದ ಚೀಟಿ ಹರಿದು ಕೊಡುವವಳಾಗಿದ್ದೆ.

ಎರಡನೆಯ ಪೀರಿಯಡ್ಡಿಗೆ ಬರುತ್ತಿದ್ದವಳು ಕಾಲೇಜಿನ ಮೂರನೆಯ ವರ್ಷದ ಹುಡುಗಿ. ಬಿಟ್ಟ ಸ್ಥಳ ತುಂಬುವ ವ್ಯಾಕರಣದ ಪ್ರಶ್ನೆಗಳಲ್ಲಿ ಅವಳು ನನಗಿಂತ ಚುರುಕು. ನಾನು ಅಭ್ಯಾಸಬಲದಿಂದ ಸರಿಯಾಗಿ ಆಡುವ ವಾಕ್ಯಕ್ಕೆ ಅವಳಲ್ಲಿ ನಿಯಮದ ಹೆಸರು ಸಿದ್ಧವಿರುತ್ತಿತ್ತು. ಆದರೆ ‘ಭಾನುವಾರ ಏನು ಮಾಡಿದೆ?’ ಎಂದು ಕೇಳಿದರೆ ತಲೆ ತಗ್ಗುತ್ತಿತ್ತು. ಪೆನ್ಸಿಲನ್ನು ಬೆರಳುಗಳ ನಡುವೆ ಒಂದು ಸುತ್ತು ತಿರುಗಿಸುವಳು, ಫೋನಿನ ನಿಘಂಟು ತೆರೆಯುವಳು, ಮುಚ್ಚುವಳು, ಕೊನೆಗೆ ‘ಜಸ್ಟ್... ಸೋ ಸೋ’ ಎಂದು ಪಿಸುಗುಟ್ಟುವಳು. ಆ ಮಧ್ಯದ ಮೌನ ಒಂದು ನಿಮಿಷವೂ ಇರಲಾರದು, ಆದರೆ ನನಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಸುಮ್ಮನೆ ಕುಳಿತರೆ ಮೈ ಬಿಸಿಯಾಗಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಬರ್ನ್‌ಹ್ಯಾಮ್ ಪಾರ್ಕಿಗೆ ಹೋಗಿದ್ದೆಯಾ, ದೋಣಿಯಲ್ಲಿ ಕೂತೆಯಾ, ಸೆಷನ್ ರಸ್ತೆಯಲ್ಲಿ ಏನಾದರೂ ಕೊಂಡೆಯಾ ಎಂದು ನಾನೇ ಒಂದೊಂದಾಗಿ ಎತ್ತಿಕೊಡುತ್ತಿದ್ದೆ, ಅವಳು ತಲೆಯಾಡಿಸುತ್ತಿದ್ದಳು. ಆ ಶುಕ್ರವಾರ ತಗಡಿನ ಮೇಲೆ ಮಳೆ ಜಪ್ಪುತ್ತಿದ್ದಾಗ, ತಮ್ಮನ ಕಂಬಳಿಯ ಕಥೆಯನ್ನೂ ಬೆರಳಿನ ಯಂತ್ರದ ಕಥೆಯನ್ನೂ ಅಭಿನಯದ ಸಮೇತ ಹೇಳಿದೆ. ಅವಳು ಒಮ್ಮೆ ನಕ್ಕಳು. ಇಂದು ಪಾಠ ಚೆನ್ನಾಗಿ ಆಯಿತೆಂದುಕೊಂಡೆ.

ನಾಲ್ಕನೆಯ ಪೀರಿಯಡ್ಡಿನವರು ದೊಡ್ಡ ಕಂಪನಿಯ ಉದ್ಯೋಗಿ, ಮೂವತ್ತಾರು ವರ್ಷದವರು. ಬಡ್ತಿಗೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕಾಗಿತ್ತು. 990ಕ್ಕೆ ನಡೆಯುವ ಆ ಪರೀಕ್ಷೆಯ ಓದುವ ಭಾಗದಲ್ಲಿ ಅವರಿಗೆ ತೊಂದರೆಯಿರಲಿಲ್ಲ. ಪ್ರತ್ಯೇಕವಾಗಿ ನಡೆಯುವ ಮಾತಿನ ಪರೀಕ್ಷೆಯ ಭಯಕ್ಕೆ ಇಲ್ಲಿಗೆ ಬಂದಿದ್ದರು. ಮೊದಲ ದಿನವೇ ನನ್ನ ವಯಸ್ಸು ಕೇಳಿದರು. ಕೊರಿಯಾದವರಿಗೆ ಅದು ಅಧಿಕಪ್ರಸಂಗವಲ್ಲ, ಎದುರಿನವರೊಡನೆ ಯಾವ ಧಾಟಿಯಲ್ಲಿ ಮಾತಾಡಬೇಕೆಂದು ತಿಳಿಯಲು ಅವರಿಗೆ ವಯಸ್ಸು ಗೊತ್ತಿರಲೇಬೇಕು. ಇಪ್ಪತ್ತಮೂರು ಎಂದೆ. ಅವರ ಮುಖದಲ್ಲಿ ಒಂದು ಲೆಕ್ಕ ತಪ್ಪಿಹೋಯಿತು. ಗುರು ಎಂದರೆ ತಲೆಬಾಗಬೇಕು, ಹದಿಮೂರು ವರ್ಷ ಚಿಕ್ಕವಳಿಗೆ ತಲೆಬಾಗುವುದು ಹೇಗೆ? ಅಂದಿನಿಂದ ಅವರು ಬರುವಾಗ ಬಾಗಿ ವಂದಿಸುತ್ತಿದ್ದರು, ಕುಳಿತ ಮೇಲೆ ನಾನು ಹೇಳಿದ ಪ್ರತಿಯೊಂದನ್ನೂ ಫೋನಿನಲ್ಲಿ ಪರಿಶೀಲಿಸುತ್ತಿದ್ದರು.

ಆ ದಿನ ಅವರು ದಿನಕ್ಕೆ ಮೂರು ಕಪ್ ‘ಕಾಪಿ’ ಕುಡಿಯುತ್ತೇನೆ ಎಂದರು. ಕಾಪಿಯಲ್ಲ, ಕಾಫಿ ಎಂದು ತಿದ್ದಿದೆ. ಕೊರಿಯನ್ ಭಾಷೆಯಲ್ಲಿ ಆ ಧ್ವನಿಯಿಲ್ಲ. ಮೇಜಿನ ಮೇಲಿದ್ದ ಟಿಶ್ಯೂವಿನಿಂದ ಬೆರಳಗಲದ ಪಟ್ಟಿ ಹರಿದು ನನ್ನ ತುಟಿಯ ಮುಂದೆ ಹಿಡಿದೆ. ತುಟಿ ಎರಡನ್ನೂ ಸೇರಿಸಿ ‘ಪ’ ಅಂದಾಗ ಪಟ್ಟಿ ಒಮ್ಮೆಲೇ ಹಾರಿ ಬಿತ್ತು; ಕೆಳತುಟಿಯನ್ನು ಮೇಲಿನ ಹಲ್ಲಿಗೆ ತಾಗಿಸಿ ‘ಫ್’ ಎಂದು ಗಾಳಿ ಬಿಟ್ಟಾಗ ಬೀಳದೆ ಸಣ್ಣಗೆ ನಡುಗುತ್ತ ನಿಂತಿತು. ಅವರು ಪ್ರಯತ್ನಿಸಿದರು, ಹಾರಿತು. ಮತ್ತೆ, ಮತ್ತೂ ಹಾರಿತು. ಎಂಟನೆಯ ಸಲವೋ ಏನೋ ಪಟ್ಟಿ ಅವರ ಬೆರಳ ತುದಿಯಲ್ಲಿ ನಡುಗಿತು. ಅವರು ಕಣ್ಣರಳಿಸಿ ನನ್ನನ್ನು ನೋಡಿದರು. ಆಮೇಲೆ ಅಭ್ಯಾಸದಂತೆ ಫೋನ್ ತೆಗೆದು ನಿಘಂಟಿನ ಅಮೆರಿಕನ್ ಹೆಂಗಸಿನ ಬಾಯಲ್ಲಿ ‘ಕಾಫಿ’ಯನ್ನು ಮೂರು ಸಲ ಕೇಳಿಸಿಕೊಂಡು, ಬಹಳ ವಿನಯದಿಂದ ಕೇಳಿದರು: ‘ಟೀಚರ್, ನಿಮ್ಮ ಉಚ್ಚಾರಣೆ ಫಿಲಿಪ್ಪೀನ್ ಶೈಲಿಯದೇ?’

ಅವರು ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಕೊಳ್ಳುವ ವಸ್ತು ಎಲ್ಲಿಯದೆಂದು ಕೇಳಿದ ಹಾಗಿತ್ತು, ಅಷ್ಟೆ. ಆದರೂ ಉತ್ತರ ನನ್ನ ಗಂಟಲಲ್ಲೇ ನಿಂತಿತು. ಇಲೊಕಾನೊದಲ್ಲಿಯೂ ಆ ಧ್ವನಿಯಿಲ್ಲ, ತಗಾಲೊಗ್‌ನಲ್ಲಿಯೂ ಇಲ್ಲ. ಸ್ಪೇನಿನ ದೊರೆ ಎರಡನೆಯ ಫೆಲಿಪೆಯ ಹೆಸರನ್ನು ನಮ್ಮ ದ್ವೀಪಗಳಿಗಿಟ್ಟರು; ಆ ಹೆಸರಿನ ಮೊದಲ ಅಕ್ಷರವೇ ನಮ್ಮವರ ನಾಲಿಗೆಗೆ ಹೊರಳದೆ ದೇಶ ‘ಪಿಲಿಪಿನಾಸ್’ ಆಯಿತು. ನನ್ನ ಅಜ್ಜಿ ಇಂದಿಗೂ ‘ಪಿಶ್’ ತಿನ್ನುತ್ತಾಳೆ, ‘ಪ್ಯಾನ್’ ಹಾಕು ಎನ್ನುತ್ತಾಳೆ. ಟಿಶ್ಯೂ ಪಟ್ಟಿಯ ಉಪಾಯವನ್ನು ನಾನು ಯಾವ ತರಬೇತಿಯಲ್ಲೂ ಕಲಿತದ್ದಲ್ಲ, ಏಳು ವರ್ಷದವಳಿದ್ದಾಗ ನನ್ನ ಬಾಯಿಯನ್ನು ಹೀಗೆಯೇ ತಿದ್ದಿದ್ದರು. ಅವರ ಕಷ್ಟ ಎಲ್ಲಿದೆಯೆಂದು ಆ ಫೋನಿನ ಹೆಂಗಸಿಗೆ ತಿಳಿದಿರಲು ಸಾಧ್ಯವಿಲ್ಲ, ನನಗೆ ತಿಳಿದಿತ್ತು. ಇದನ್ನು ಹೇಳಬಹುದಿತ್ತು. ಹೇಳಿದ್ದರೆ ಮಾತ್ರ, ನನ್ನ ಇಂಗ್ಲಿಷ್ ಹುಟ್ಟಿನಿಂದ ಬಂದದ್ದಲ್ಲವೆಂದು ನಾನೇ ಸಹಿ ಹಾಕಿಕೊಟ್ಟಂತಾಗುತ್ತಿತ್ತು. ‘ನಾವು ಅಮೆರಿಕನ್ ಉಚ್ಚಾರಣೆಯನ್ನೇ ಕಲಿಸುತ್ತೇವೆ’ ಎಂದು ಅಕಾಡೆಮಿಯ ಕರಪತ್ರದ ವಾಕ್ಯವನ್ನೊಪ್ಪಿಸಿ ಪುಟ ತಿರುವಿದೆ.

1901ರ ಆಗಸ್ಟ್‌ನಲ್ಲಿ ‘ಥಾಮಸ್’ ಎಂಬ ಹಡಗಿನಲ್ಲಿ ಸುಮಾರು 500 ಅಮೆರಿಕನ್ ಶಿಕ್ಷಕರು ಮನಿಲಾಕ್ಕೆ ಬಂದಿಳಿದರೆಂದು ನಮ್ಮ ಮಕ್ಕಳೆಲ್ಲ ಶಾಲೆಯಲ್ಲಿ ಓದುತ್ತಾರೆ. ಅಂದಿನಿಂದ ನಮ್ಮ ಶಾಲೆ, ಕೋರ್ಟು, ಕಚೇರಿಗಳಲ್ಲಿ ಇಂಗ್ಲಿಷ್ ಬೇರೂರಿದೆ. 1987ರ ಸಂವಿಧಾನದಲ್ಲೂ ಅದು ಫಿಲಿಪಿನೊ ಭಾಷೆಯ ಪಕ್ಕದಲ್ಲೇ ಇದೆ. ಹಾಗಿದ್ದೂ ಇಂಗ್ಲಿಷ್ ಸಂಭಾಷಣೆ ಕಲಿಸುವವರಿಗೆ ದಕ್ಷಿಣ ಕೊರಿಯಾ ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರಿಗೆ. ಕಾಲೇಜು ಮುಗಿಸಿದ ವರ್ಷ ನಾನು ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದ್ದೆ, ಒಂದು ಹೆಸರು ಕಣ್ತಪ್ಪಿರಬಹುದೆಂದು. ಸಿಯೋಲ್‌ನಲ್ಲಿ ಕಲಿಸಲು ನಮಗೆ ಯೋಗ್ಯತೆ ಸಾಲದು. ಅದೇ ಊರಿನವರು ನಾಲ್ಕು ಗಂಟೆ ವಿಮಾನದಲ್ಲಿ ಕುಳಿತು ನಮ್ಮಲ್ಲಿಗೆ ಬಂದರೆ ಸಾಕಾಗುತ್ತದೆ. ಎಷ್ಟೋ ಜನ ಇಲ್ಲಿ ಮೂರು ತಿಂಗಳು ನಾಲಿಗೆ ಸಡಿಲ ಮಾಡಿಕೊಂಡು ಆಮೇಲೆ ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋಗುತ್ತಾರೆ, ‘ನಿಜವಾದ’ ಇಂಗ್ಲಿಷ್ ಕಲಿಯಲು. ಆ ‘ನಿಜವಾದ’ ಎಂಬ ಪದವನ್ನೂ ನನ್ನೆದುರೇ ಕುಳಿತು, ನಾನು ಕಲಿಸಿದ ಉಚ್ಚಾರಣೆಯಲ್ಲೇ ಹೇಳುತ್ತಾರೆ.

ಮಧ್ಯಾಹ್ನದ ತರಗತಿಗಳು ಹೇಗೋ ಕಳೆದವು. ಸಂಜೆ ಐದೂವರೆಗೆ ಹೆಡ್ ಟೀಚರು ಕರೆದರು. ಅವರು ನಮ್ಮೂರ ಕಡೆಯವರೇ ಆದ್ದರಿಂದ ನಾವೆಲ್ಲ ಅವರನ್ನು ‘ಮನಾಂಗ್’ ಎನ್ನುತ್ತಿದ್ದೆವು, ಅಕ್ಕ ಎಂದ ಹಾಗೆ. ಶುಕ್ರವಾರ ವಿದ್ಯಾರ್ಥಿಗಳು ಶಿಕ್ಷಕರಿಗೆ ಅಂಕ ಕೊಡುವ ದಿನ. ಬೇಡವಾದವರನ್ನು ಬದಲಿಸಿ ಕೊಡುವಂತೆ ಅಂದೇ ಕೇಳಬಹುದು. ‘ಬೇಜಾರು ಮಾಡಿಕೊಳ್ಳಬೇಡ, ಅಡಿಂಗ್’ ಎಂದು ಮನಾಂಗ್ ನನ್ನನ್ನು ತಂಗಿಯೆಂದು ಕರೆದಾಗಲೇ ವಿಷಯ ತಿಳಿಯಿತು. ಮಾಮೂಲಿನಂತೆ ಅವರು ನನ್ನನ್ನು ‘ಟೀಚರ್’ ಎನ್ನುವವರು.

ನಾಲ್ಕನೆಯ ಪೀರಿಯಡ್ ಹೋಯಿತೆಂದುಕೊಂಡೆ. ‘ಉಚ್ಚಾರಣೆಯ ವಿಷಯವಾ?’ ಎಂದೆ.

‘ಯಾರು, ಕಂಪನಿಯವರಾ? ಅವರು ಇನ್ನೂ ನಾಲ್ಕು ವಾರ ನೀನೇ ಬೇಕೆಂದು ಬರೆದಿದ್ದಾರೆ. ಹೋದದ್ದು ಎರಡನೆಯದು.’

ಅವರು ಕಾಗದವನ್ನು ನನ್ನತ್ತ ತಿರುಗಿಸಿದರು. ಕಾರಣ ಬರೆಯುವ ಜಾಗದಲ್ಲಿ ಗುಂಡಗಿನ ಪುಟ್ಟ ಅಕ್ಷರಗಳಲ್ಲಿ ಒಂದೇ ವಾಕ್ಯವಿತ್ತು: ‘ಟೀಚರ್ ತುಂಬ ಒಳ್ಳೆಯವರು, ಆದರೆ ಅವರೇ ಮಾತಾಡುತ್ತಾರೆ.’ ಎಂದಿನಂತೆ ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ಆ ರಾತ್ರಿ ನನಗೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಬುತ್ತಿಯ ಡಬ್ಬ ತೊಳೆಯುತ್ತ ಅಮ್ಮನೆದುರು ಎಲ್ಲವನ್ನೂ ಹೇಳಿದೆ: ಬಾಯಿ ಬಿಡದವಳಿಂದ ಮಾತಾಡಿಸಲು ಐವತ್ತು ನಿಮಿಷ ಹೆಣಗಿದವಳು ನಾನು, ಮಾತು ಹೆಚ್ಚಾಯಿತೆಂಬ ದೂರೂ ನನಗೇ. ಅಮ್ಮ ಎಲೆಕೋಸಿನ ಲೆಕ್ಕ ಬರೆಯುತ್ತ ಕೇಳಿಸಿಕೊಂಡಳು. ‘ಅವಳು ಯೋಚಿಸುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆ?’ ಎಂದು ಒಂದೇ ಪ್ರಶ್ನೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಅದು ಮುಗಿಯುವವರೆಗೆ ನಾನು ಒಂದು ದಿನವೂ ಕಾದಿರಲಿಲ್ಲ.

ಸೋಮವಾರ ಮಳೆ ನಿಂತಿತ್ತು. ಹೊಸ ವೇಳಾಪಟ್ಟಿಯಲ್ಲಿ ನನ್ನ ಎರಡನೆಯ ಪೀರಿಯಡ್ಡಿನ ಚೌಕ ಖಾಲಿ. ಖಾಲಿ ಪೀರಿಯಡ್ಡಿಗೆ ಹಣವಿಲ್ಲದಿದ್ದರೂ, ಹೊಸ ವಿದ್ಯಾರ್ಥಿ ಬಂದರೆ ಇರಲಿ ಎಂದು, ಗೂಡಿನಲ್ಲೇ ಕುಳಿತಿರಬೇಕೆಂಬುದು ನಿಯಮ. ಕುಳಿತೆ. ಪಕ್ಕದ ಗೂಡಿನ ಶಿಕ್ಷಕ ಮೆಲುದನಿಯ ಹುಡುಗ, ‘ವಾರಾಂತ್ಯ ಹೇಗಿತ್ತು?’ ಎಂದು ಕೇಳಿ ಸುಮ್ಮನಾದ. ಪ್ಲೈವುಡ್ಡಿನಾಚೆ ಪೆನ್ಸಿಲ್ ಮೇಜಿಗೆ ಬಿದ್ದ ಸದ್ದು ಕೇಳಿಸಿತು, ಯಾರೋ ಅದನ್ನು ಎತ್ತಿಕೊಂಡದ್ದು ಕೇಳಿಸಿತು. ಆತ ಮಾತಾಡಲಿಲ್ಲ. ನನಗೇ ಚಡಪಡಿಕೆಯಾಗಿ ಕುರ್ಚಿಯ ತುದಿಗೆ ಬಂದೆ. ಆಗ ಅವಳ ದನಿ ಬಂತು. ಶನಿವಾರ ಗೆಳತಿಯರೊಡನೆ ಪೇಟೆಗೆ ಹೋದದ್ದು, ಹಳೆ ಬಟ್ಟೆಯಂಗಡಿಯಲ್ಲಿ ಅಮ್ಮನಿಗೊಂದು ಕೋಟು ಕೊಂಡದ್ದು, ಅದರ ಜೇಬಿನಲ್ಲಿ ಯಾರದೋ ಬಸ್ ಟಿಕೆಟ್ ಸಿಕ್ಕಿದ್ದು, ಎಲ್ಲವನ್ನೂ ನಿಲ್ಲಿಸಿ ನಿಲ್ಲಿಸಿ, ಬಿಡದೆ ಹೇಳಿದಳು. ನಡುವೆ ಒಂದು ಕಡೆ ‘ಐ ಹ್ಯಾವ್ ವೆಂಟ್’ ಎಂದಳು. ಕಾಗದದ ಮೇಲಾಗಿದ್ದರೆ ಅವಳು ಎಂದೂ ಮಾಡದ ತಪ್ಪು. ಆತ ತಿದ್ದಲಿಲ್ಲ, ಅವಳು ಮುಂದುವರಿದಳು. ಗೋಡೆಯ ಈಚೆ ನಾನು ಸದ್ದಿಲ್ಲದೆ ತುಟಿಯಲ್ಲೇ ‘ಗಾನ್’ ಎಂದೆ.