ಹಿಮ್ಮೇಳವನ್ನು ನಾನು ತಗ್ಗಿಸಿದ ಮಿಕ್ಸ್

ಹಾಡಿನ ದನಿಗಳನ್ನೆಲ್ಲ ಹದವಾಗಿ ಬೆರೆಸಿದ ಮಿಕ್ಸನ್ನು ಗಾಯಕರಿಗೆ ಕೇಳಿಸಿದ ಆ ಸಂಜೆ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾನು ಬೆಂಗಳೂರಿನ ಸ್ಟುಡಿಯೊ ಒಂದರಲ್ಲಿ ಸೌಂಡ್ ಎಂಜಿನಿಯರ್. ಚಾಮರಾಜನಗರದ ಕಡೆಯ ಯುವ ಗಾಯಕರೊಬ್ಬರು ತಮ್ಮ ಎರಡನೆಯ ಆಲ್ಬಮ್ ಮಾಡಲು ಬಂದಿದ್ದರು. ಹಾಡು ಕಟ್ಟುವವರೂ ಅವರೇ, ಹಾಡುವವರೂ ಅವರೇ. ಮೊದಲ ಆಲ್ಬಮ್‌ನಲ್ಲಿ ಇದ್ದದ್ದು ತಂಬೂರಿ, ಗಗ್ಗರ, ಡಕ್ಕೆ ಮತ್ತು ಅವರ ದನಿ. ಈ ಸಲ ದಾರಿ ಬೇರೆ. ಮೊದಲ ದಿನವೇ ಮೊಬೈಲ್ ಮೇಜಿನ ಮೇಲಿಟ್ಟು, ಅಮೆರಿಕದ ಬಾನ್ ಐವರ್ ತಂಡ 2016ರಲ್ಲಿ ತಂದ ಆಲ್ಬಮ್‌ನಿಂದ ಒಂದು ಹಾಡು ಕೇಳಿಸಿದರು. ಒಂದೇ ಗಂಟಲು ಸೀಳಿ ನಾಲ್ಕಾರು ದನಿಯಾಗುವ ಹಾಡು, ವಾದ್ಯವೇ ಇಲ್ಲ. ವಿಸ್ಕಾನ್ಸಿನ್‌ನ ಕಾಡಿನ ಮನೆಯಲ್ಲಿ ಗಿಟಾರ್ ಹಿಡಿದು ಹಾಡಿ ಹೆಸರಾದ, ಆ ತಂಡದ ಗಾಯಕ ಜಸ್ಟಿನ್ ವರ್ನನ್ ಅವರೇ ಇಷ್ಟು ದೂರ ಹೋಗಿದ್ದರು.

ನಾವೂ ಒಂದು ದನಿಯನ್ನು ಹಲವು ಸ್ವರಗಳ ದನಿಯಾಗಿಸುವ ಹಾರ್ಮನೈಜರ್ ಕಟ್ಟಿದೆವು. ಗಾಯಕರು ಹಾಡುತ್ತಿದ್ದಂತೆ ಅವರ ಗೆಳೆಯ ಪಕ್ಕದಲ್ಲಿ ಕೀಬೋರ್ಡ್ ಒತ್ತುತ್ತಿದ್ದರು, ಪದರ ಪದರವಾದ ದನಿ ಆಗಿಂದಾಗಲೇ ಹೆಡ್‌ಫೋನಿಗೆ ಬರುತ್ತಿತ್ತು. ಎಂದಿನಂತೆ ನಾನು ಎಫೆಕ್ಟ್ ಇಲ್ಲದ ಬರೀ ದನಿಯ ಡ್ರೈ ಟ್ರ್ಯಾಕನ್ನೂ ಪಕ್ಕದಲ್ಲಿ ಹಿಡಿದಿಟ್ಟುಕೊಂಡೆ. ಎಫೆಕ್ಟ್ ಕೆಟ್ಟರೆ ಕೈಯಲ್ಲಿ ಏನಾದರೂ ಇರಲಿ ಎಂದು ಎಲ್ಲರೂ ಮಾಡುವ ಕೆಲಸ ಅದು.

ಮಿಕ್ಸ್ ಹೊತ್ತಿಗೆ ಆಲ್ಬಮ್ ಹೊರತರುವ ಕಂಪನಿಯಿಂದ ಫೋನ್ ಬಂತು: "ಜಾನಪದದ ಸೊಗಡು ಹೋಗಬಾರದು." ತಪ್ಪನ್ನು ಅವರ ತಲೆಗೆ ಕಟ್ಟುವುದು ಸುಲಭ. ಆದರೆ ಆ ಮಾತು ನನ್ನ ಮನಸ್ಸಿನದೇ ಆಗಿತ್ತು. ಜಾತ್ರೆಯಲ್ಲಿ ಇವರ ಹಾಡಿಗೆ ಕೂರುವ ಜನ ಈ ಯಂತ್ರದ ದನಿ ಕೇಳಿ ಎದ್ದು ಹೋಗುತ್ತಾರೆ ಎಂದು ನಾನೇ ತೀರ್ಮಾನಿಸಿಬಿಟ್ಟೆ. ನಾಲ್ಕು ಹಾಡುಗಳಲ್ಲಿ ಪದರದ ದನಿಯನ್ನು ಆರು ಡೆಸಿಬಲ್ ಇಳಿಸಿ, ಡ್ರೈ ದನಿಯನ್ನು ಮುಂದಕ್ಕೆ ತಂದೆ. ಗಾಯಕರಿಗೆ ಹೇಳಲಿಲ್ಲ. ಅವರ ಹಾಡನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ.

ಅವರು ಬಂದು ಸೋಫಾದ ತುದಿಯಲ್ಲಿ ಕುಳಿತರು. ಮೊದಲೆರಡು ಹಾಡು ಸುಮ್ಮನೆ ಕೇಳಿದರು. ಮೂರನೆಯದರ ಮೊದಲ ಸಾಲು ಮುಗಿಯಿತು. ಅಲ್ಲಿ ಸುಮಾರು ನಾಲ್ಕು ಸೆಕೆಂಡ್ ಬಿಡುವಿದೆ. ಪದರದ ದನಿ ತೆಳುವಾಗುತ್ತಾ ಇಳಿದು ನಿಲ್ಲುತ್ತದೆ, ಅದು ನಿಂತ ಸ್ವರದಿಂದಲೇ ಅವರು ಮುಂದಿನ ಸಾಲು ಎತ್ತುತ್ತಾರೆ. ನನ್ನ ಮಿಕ್ಸ್‌ನಲ್ಲಿ ಆ ಜಾಗ ಬರಿದಾಗಿತ್ತು. ಹಾಡುಗಾರ ಸಾಲು ಮರೆತು ತಡವರಿಸಿದಂತೆ ಕೇಳಿಸಿತು.

ಅವರು ಕೈ ಎತ್ತಿದರು. "ಅಣ್ಣಾ, ಹಿಂದಕ್ಕೆ ಹಾಕಿ."

ಹಾಕಿದೆ. ಮತ್ತೊಮ್ಮೆ ಎಂದರು. ಮೂರನೆಯ ಸಲ ನನ್ನ ಬೆರಳು ಸ್ಪೇಸ್‌ಬಾರ್ ಮೇಲೆಯೇ ಇತ್ತು. ಹಿಂತಿರುಗಿ ನೋಡುವ ಧೈರ್ಯ ಬರಲಿಲ್ಲ. "ಲೆವೆಲ್ ಇನ್ನೂ ಮುಗಿದಿಲ್ಲ" ಎಂದೆ. ಅದು ಸುಳ್ಳು. ಫೈಲುಗಳು ಅಂದೇ ರಾತ್ರಿ ಮಾಸ್ಟರಿಂಗ್‌ಗೆ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದಕ್ಕೆ, ಹೋಗಬೇಕಿತ್ತು.

"ನಾನು ಇಲ್ಲಿ ಯಾರಿಗಾಗಿ ಕಾಯುತ್ತಿದ್ದೇನೆ ಎಂದು ಕೇಳುವವರಿಗೆ ಗೊತ್ತಾಗುವುದಿಲ್ಲವಲ್ಲ ಅಣ್ಣಾ" ಎಂದರು. ಸಿಟ್ಟಿರಲಿಲ್ಲ. ಆಮೇಲೆ ತಾತನ ಮೇಳದ ಮಾತು ಬಂತು. ತಾತ ಸಾಲು ಬಿಟ್ಟರೆ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುತ್ತಿದ್ದರು, ಅವರು ಅದನ್ನು ಇಳಿಸುವ ತನಕ ತಾತ ಬಾಯಿ ತೆರೆಯುತ್ತಿರಲಿಲ್ಲವಂತೆ. ಆ ಹಿಮ್ಮೇಳದ ಮೂವರಲ್ಲಿ ಇಬ್ಬರು ಈಗಿಲ್ಲ. ಉಳಿದವರೊಬ್ಬರು ಬೆಂಗಳೂರಿನಲ್ಲೇ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. "ಈ ಪೆಟ್ಟಿಗೆಯೇ ಈಗ ನನ್ನ ಹಿಮ್ಮೇಳ" ಎಂದು ಹಾರ್ಮನೈಜರ್ ಕಡೆ ತೋರಿಸಿದರು.

ನಾನು ಹೊಸದೆಂದು ಹೆದರಿ ತಗ್ಗಿಸಿದ್ದು ಆ ಹಾಡಿನಲ್ಲೇ ಎಲ್ಲಕ್ಕಿಂತ ಹಳೆಯದಾಗಿತ್ತು.

ಮಾಸ್ಟರಿಂಗ್ ಮುಂದಕ್ಕೆ ಹಾಕಿಸಿ ರಾತ್ರಿಯೆಲ್ಲ ಕುಳಿತೆ. ಪದರದ ದನಿಯನ್ನು ಮಾತ್ರ ಸೋಲೊ ಮಾಡಿ ಕೇಳಿದಾಗ, ಅವರು ಎಲ್ಲೆಲ್ಲಿ ಉಸಿರು ಹಿಡಿದಿದ್ದಾರೆ, ಯಾವ ಸ್ವರಕ್ಕೆ ಒರಗಿಕೊಂಡಿದ್ದಾರೆ ಎಂಬುದೆಲ್ಲ ತಿಳಿಯತೊಡಗಿತು. ವರ್ನನ್ ಆಲ್ಬಮ್‌ನ ದನಿಯೂ ಆಮೇಲೆ ಬಳಿದ ಬಣ್ಣವಲ್ಲ. ಎಂಜಿನಿಯರ್ ಕ್ರಿಸ್ ಮೆಸಿನಾ ಅವರ ಹೆಸರನ್ನೇ ಹೊತ್ತ ಆ ಸಲಕರಣೆಯಲ್ಲಿ ಹಾಡುವಾಗಲೇ ಕೀಲಿ ಒತ್ತಿ ದನಿಗಳನ್ನು ಕೂಡಿಸುತ್ತಾರೆ. ಹಾಗೆ ಹಾಡಿದವನು ಆ ದನಿಯ ಜೊತೆ ಮಾತನಾಡಿರುತ್ತಾನೆ. ಇದನ್ನು ನಾನು ಓದಿದ್ದೆ. ನನ್ನ ಕೋಣೆಯಲ್ಲೇ ಅದು ನಡೆದಾಗ ಹೊಳೆಯಲಿಲ್ಲ.

ಈಗ ಡ್ರೈ ಟ್ರ್ಯಾಕನ್ನು ಮ್ಯೂಟ್ ಮಾಡಿಯೇ ಮಿಕ್ಸ್ ಶುರು ಮಾಡುತ್ತೇನೆ. ಹಾಡಿದವರನ್ನು ಕೇಳದೆ ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಮಾತು ಕಂಪನಿಗಳಿಗೆ: ಲೌಡ್‌ನೆಸ್, ಅಂದರೆ ಹಾಡಿನ ಒಟ್ಟು ಸದ್ದಿನ ಮಟ್ಟ, ಮೈನಸ್ 14 LUFS ಇರಬೇಕೆಂದು ಮೂರು ಮೇಲ್ ಬಂದಿದ್ದವು. ಮಿಕ್ಸ್‌ಗೆ ಒಪ್ಪಿಗೆ ಕೊಡಬೇಕಾದ ಪಟ್ಟಿಯಲ್ಲಿ ಮಾತ್ರ ಗಾಯಕರ ಹೆಸರೇ ಇರಲಿಲ್ಲ.

ಆಲ್ಬಮ್ ಹೊರಬಂದ ವಾರ, ರೀಲ್ಸ್‌ಗೆಂದು ಮೂರನೆಯ ಹಾಡಿನ "ಬರೀ ದನಿ" ಕಳಿಸಿ ಎಂದು ಕಂಪನಿಯವರು ಕೇಳಿದರು. ಫೈಲ್ ಎದುರಿಗೇ ಇತ್ತು. ಗಾಯಕರಿಗೆ ಫೋನ್ ಮಾಡಿದೆ. ಬೇಡ ಎಂದರು. ನಾನೂ ಹಾಗೆಯೇ ಮೇಲ್ ಬರೆದೆ.