ಬಿಚ್ಚಿ ಮತ್ತೆ ಕಟ್ಟಬಹುದಾದ ಮನೆ

ಗೆಳೆಯನ ಅಜ್ಜನ ಕಾಲದಲ್ಲಿ ಕಟ್ಟಿದ್ದ ಮರದ ಮನೆ ಈಗಿನ ಕುಟುಂಬಕ್ಕೆ ಸಾಲದಾಗಿತ್ತು. ಅದನ್ನು ತೆಗೆದು ಅದೇ ಜಾಗದಲ್ಲಿ ದೊಡ್ಡ ಮನೆ ಕಟ್ಟುವುದೆಂದು ತೀರ್ಮಾನವಾದಾಗ, ಕೆಲಸ ಶುರುವಾದ ದಿನ ನೆರವಿಗೆಂದು ನಾನೂ ಹೋಗಿದ್ದೆ. ಹಳೆಯ ಕಟ್ಟಡ ತೆಗೆಯುವುದೆಂದರೆ ಸುತ್ತಿಗೆಯ ಸದ್ದು, ದೂಳು, ಕೊನೆಗೆ ಲಾರಿಗಟ್ಟಲೆ ಒಡಕಲು, ಇಷ್ಟನ್ನೇ ನಾನು ಅದುವರೆಗೆ ಕಂಡಿದ್ದೆ. ಆದರೆ ಅಂದು ಬೆಳಿಗ್ಗೆ ಹಿರಿಯ ಬಡಗಿಯೊಬ್ಬರು ಸೀಮೆಸುಣ್ಣ ಹಿಡಿದು ಮನೆಯನ್ನೆಲ್ಲ ಸುತ್ತಿ, ಒಂದೊಂದು ಕಂಬಕ್ಕೂ ತೊಲೆಗೂ ಜಂತೆಗೂ ಗುರುತು ಹಾಕಿ, ಯಾವುದು ಯಾವುದಕ್ಕೆ ಸೇರಿದೆ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡ ಮೇಲಷ್ಟೇ ಮೊದಲ ಬೆಣೆಗೆ ಕೊಡತಿ ತಾಗಿಸಿದರು.

ಆ ಮನೆಯ ಚೌಕಟ್ಟಿನಲ್ಲಿ ಮೊಳೆಗಳು ತೀರಾ ಕಡಿಮೆ. ತೊಲೆಯ ತುದಿಯನ್ನು ನಾಲಿಗೆಯ ಆಕಾರಕ್ಕೆ ಕೆತ್ತಿ ಕಂಬದ ಕುಳಿಯಲ್ಲಿ ಕೂರಿಸಿದ್ದರು. ಎರಡನ್ನೂ ಹಾಯ್ದು ಹೋಗಿದ್ದ ಗಟ್ಟಿ ಮರದ ಬೆಣೆಯೊಂದು ಅವನ್ನು ಬಿಗಿಹಿಡಿದಿತ್ತು. ಬಡಗಿಗಳು ಬೆಣೆಯ ಸಣ್ಣ ತುದಿಗೆ ಮೆಲ್ಲಗೆ ಪೆಟ್ಟು ಕೊಟ್ಟು ಹೊರದೂಡಿ, ತೊಲೆಯನ್ನು ಹಗ್ಗದಲ್ಲಿ ಇಳಿಬಿಟ್ಟಾಗ, ಕುಳಿಯ ಒಳಗೋಡೆಯಲ್ಲಿ ಉಳಿಯ ಹಳೆಯ ಗೆರೆಗಳು ಇನ್ನೂ ಚೂಪಾಗಿದ್ದವು. ಗಾಳಿ ಬೆಳಕು ತಾಗದ ಆ ಭಾಗದ ಮರ ನಿನ್ನೆ ಮೊನ್ನೆ ಕೆತ್ತಿದ್ದೇನೋ ಎಂಬಷ್ಟು ತಿಳಿಯಾದ ಬಣ್ಣದಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಮನೆಯ ಅರ್ಧಭಾಗ ಸಾಲಾಗಿ ಜೋಡಿಸಿಕೊಂಡು ಮಲಗಿತ್ತು. ಅದರಲ್ಲಿ ಕಸವೆನ್ನುವಂಥದ್ದು ಒಂದು ಮೂಲೆಯಲ್ಲಿ ರಾಶಿ ಹಾಕಿದ್ದ ಕೆಲವು ಹಲಗೆಗಳು ಮಾತ್ರ.

ಹೊರಗಿನ ಮೂಲೆಯ ಕಂಬವೊಂದರ ಬುಡ ಕುಂಬಾಗಿತ್ತು. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಜಾಗ ಅದು. ಬಡಗಿ ಚಾಕುವಿನ ಮೊನೆ ಒತ್ತಿದರೆ ಬುಡದಲ್ಲಿ ಸಲೀಸಾಗಿ ಇಳಿಯಿತು. ಒಂದು ಗೇಣು ಮೇಲೆ ಅಷ್ಟೇ ಬಲದಿಂದ ಒತ್ತಿದರೂ ಗೀರು ಬಿತ್ತೇ ಹೊರತು ಒಳಗೆ ಹೋಗಲಿಲ್ಲ. ಈ ಕಂಬ ಹೋಯಿತಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು, “ಬುಡ ಹೋಗಿದೆ, ಕಂಬ ಹೋಗಿಲ್ಲ. ಇಷ್ಟನ್ನು ಓರೆಯಾಗಿ ಕತ್ತರಿಸಿ ಹೊಸ ತುಂಡು ಕೂಡಿಸಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಂತೀತು. ಕೆಳಗೆ ಕಲ್ಲು ಕೊಡಿ, ಸೂರನ್ನು ಇನ್ನಷ್ಟು ಮುಂದೆ ಚಾಚಿಸಿ” ಎಂದರು.

ಮರದ ಮನೆಯ ಬಾಳಿಕೆಯ ಗುಟ್ಟು ಆ ಎರಡು ಸಲಹೆಗಳಲ್ಲಿ ಬಹುಮಟ್ಟಿಗೆ ಅಡಗಿದೆ. ಮರದ ತೇವಾಂಶ ಅದರ ಒಣತೂಕದ ಸುಮಾರು ಶೇ. 20ಕ್ಕಿಂತ ಕಡಿಮೆ ಇದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಗೆದ್ದಲಿನ ಭಯವಿರುವಲ್ಲಿ ಮರವನ್ನು ಮಣ್ಣಿಗೆ ತಾಗದಂತೆ ಎತ್ತರದಲ್ಲಿಟ್ಟು, ಹೊರಮೈಯ ಎಳೆಯ ಬಿಳಿಭಾಗವನ್ನು ತೆಗೆದು ಚೇಗನ್ನೇ ಬಳಸುವುದು ತಿಳಿದವರ ಕ್ರಮ. ಮರ ಹಾಳಾಗುತ್ತದೆ ಎಂಬ ದೂರು ಸುಳ್ಳಲ್ಲ, ಆದರೆ ಅದು ಎಲ್ಲಿ ಹಾಳಾಗುತ್ತದೆ, ಏಕೆ ಹಾಳಾಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ ಮತ್ತು ಹಾಳಾದಷ್ಟನ್ನೇ ತೆಗೆದು ಹಾಕಲು ಬರುತ್ತದೆ. ಕಾಂಕ್ರೀಟಿನ ಹೊಟ್ಟೆಯೊಳಗೆ ತುಕ್ಕು ಹಿಡಿದ ಕಬ್ಬಿಣದ ಸರಳು ಮೇಲ್ಮೈ ಬಿರುಕು ಬಿಡುವವರೆಗೂ ತನ್ನ ಸುದ್ದಿ ಹೇಳುವುದಿಲ್ಲ. ನನ್ನ ಮಟ್ಟಿಗೆ ಮರದ ಮನೆಯ ಮೊದಲ ಹಿರಿಮೆ ಹೀಗೆ ದುರಸ್ತಿಗೆ ಒದಗಿಬರುವ ಗುಣವೇ. ಉಳಿದವೆಲ್ಲ ಅದರ ನಂತರ. ಜಪಾನಿನ ಹೊರ್ಯೂಜಿ ದೇವಾಲಯದ ಐದಂತಸ್ತಿನ ಗೋಪುರ ಜಗತ್ತಿನ ಅತಿ ಹಳೆಯ ಮರದ ಕಟ್ಟಡಗಳಲ್ಲೊಂದು. ಸಾವಿರದ ಮುನ್ನೂರು ವರ್ಷಗಳ ಆಸುಪಾಸಿನ ಆ ಗೋಪುರವನ್ನೂ ಇಪ್ಪತ್ತನೆಯ ಶತಮಾನದಲ್ಲಿ ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ನಿಲ್ಲಿಸಿದ್ದಾರೆ.

ತೊಲೆಗಳನ್ನು ಹೊರುವ ಕೆಲಸ ನನ್ನ ಪಾಲಿಗೂ ಬಂತು. ಉದ್ದನೆಯ ಒಂದು ಜಂತೆಯನ್ನು ಇಬ್ಬರು ಸೇರಿ ಹೆಗಲ ಮೇಲಿಟ್ಟುಕೊಂಡು ನಡೆಯುವಾಗ, ಅದೇ ಅಳತೆಯ ಕಾಂಕ್ರೀಟ್ ತೊಲೆಯಾಗಿದ್ದರೆ ಕ್ರೇನ್ ಬೇಕಾಗುತ್ತಿತ್ತೆಂದು ಗೆಳೆಯ ಹೇಳಿದ. ಕಾಂಕ್ರೀಟಿನ ಒಂದು ಘನ ಮೀಟರ್ ಸುಮಾರು 2,400 ಕಿಲೋ ತೂಗಿದರೆ, ಪೈನ್‌ನಂಥ ಮರದ ಅಷ್ಟೇ ಗಾತ್ರ ಸುಮಾರು 500 ಕಿಲೋ ತೂಗುತ್ತದೆ. ಮನೆ ಹಗುರಾದಷ್ಟೂ ಅಡಿಪಾಯದ ಮೇಲಿನ ಹೊರೆ ಇಳಿಯುತ್ತದೆ. ಭೂಕಂಪದಲ್ಲಿ ಕಟ್ಟಡದ ಮೇಲೆ ಬೀಳುವ ಬಲ ಅದರ ತೂಕಕ್ಕೆ ತಕ್ಕಂತೆ ಏರುವುದರಿಂದ, ಹಗುರವಾದ ಮತ್ತು ಸಂದುಗಳಲ್ಲಿ ತುಸು ಬಾಗಿಕೊಡುವ ಚೌಕಟ್ಟು ಅಲ್ಲಿಯೂ ಅನುಕೂಲವೇ.

ಅಡುಗೆಕೋಣೆಯ ಮೇಲಿನ ತೊಲೆ ಕೆಳಗಿಳಿದಾಗ ಎಲ್ಲರೂ ಸುತ್ತ ನೆರೆದರು. ಎಷ್ಟೋ ವರ್ಷಗಳ ಹಿಂದೆ ಅಲ್ಲಿ ಬೆಂಕಿ ಹೊತ್ತಿಕೊಂಡಿತ್ತೆಂದು ಗೆಳೆಯನ ತಾಯಿ ಹೇಳುತ್ತಿದ್ದರು. ತೊಲೆಯ ಕೆಳಮೈ ಕಪ್ಪಗೆ, ಚೌಕಚೌಕವಾಗಿ ಬಿರಿದುಕೊಂಡಿತ್ತು. ಬಡಗಿ ಬಾಚಿಯಿಂದ ಇದ್ದಿಲನ್ನು ಹೆರೆಯತೊಡಗಿದರು; ಮೊದಲು ಕಪ್ಪು ಪುಡಿ, ಆಮೇಲೆ ಕಂದು ಬಣ್ಣದ ತೆಳ್ಳನೆಯ ಪದರ, ಅದರ ಕೆಳಗೆ ಹೊಳೆಯುವ ಎಳೆಗಳ ಹಸನಾದ ಮರ. ಒಂದು ಬೆರಳಿನ ದಪ್ಪವನ್ನೂ ತೆಗೆಯಬೇಕಾಗಲಿಲ್ಲ. ದಪ್ಪ ಮರಕ್ಕೆ ಬೆಂಕಿ ತಗುಲಿದಾಗ ಹೊರಪದರ ಇದ್ದಿಲಾಗಿ, ಆ ಇದ್ದಿಲೇ ಒಳಮರಕ್ಕೆ ಶಾಖ ಹೋಗುವುದನ್ನು ನಿಧಾನಗೊಳಿಸುತ್ತದೆ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನ ವೇಗದಲ್ಲಿ ಸುಟ್ಟರೂ ಅರ್ಧ ಗಂಟೆಯಲ್ಲಿ ಹೋಗುವುದು ಎರಡು ಸೆಂಟಿಮೀಟರಿನಷ್ಟು. ಆದ್ದರಿಂದಲೇ ಎಂಜಿನಿಯರುಗಳು ಆ ಲೆಕ್ಕ ಹಾಕಿ ತೊಲೆಯ ದಪ್ಪವನ್ನು ಮೊದಲೇ ಹೆಚ್ಚಿಸಿಡುತ್ತಾರೆ. ರಕ್ಷಣೆಯಿಲ್ಲದ ಉಕ್ಕು 600 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡು ಬಾಗುತ್ತದೆ. ತೆಳು ಹಲಗೆಗಳ ವಿಷಯ ಬೇರೆ, ಅವು ಬೇಗ ಉರಿಯುತ್ತವೆ. ಅವುಗಳಿಗೆ ಬೆಂಕಿ ತಡೆಯುವ ಹೊದಿಕೆ ಬೇಕೇ ಬೇಕು.

ಇನ್ನೂ ಬಿಚ್ಚದ ಕೋಣೆಯೊಳಗೆ ದಣಿವಾರಿಸಿಕೊಳ್ಳಲು ಕೂತಾಗ ಬೆನ್ನಿಗೆ ತಾಗಿದ ಗೋಡೆ, ಹೊರಗೆ ಬಿಸಿಲು ಬಡಿಯುತ್ತಿದ್ದರೂ ಬಿಸಿಯಾಗಿರಲಿಲ್ಲ. ಮರದ ಮೂಲಕ ಶಾಖ ಹಾಯುವುದು ಕಾಂಕ್ರೀಟಿಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಆದರೆ ಕಲ್ಲು ಮಣ್ಣುಗಳಂತೆ ಹಗಲಿನ ಶಾಖವನ್ನು ಹೀರಿ ಬಚ್ಚಿಟ್ಟುಕೊಳ್ಳುವ ಶಕ್ತಿ ತೆಳು ಮರದ ಗೋಡೆಗಿಲ್ಲ, ಹಾಗಾಗಿ ಸೆಕೆಯ ಸೀಮೆಗಳಲ್ಲಿ ನೆರಳನ್ನೂ ಗಾಳಿಯ ಹಾದಿಯನ್ನೂ ಯೋಚಿಸಿಯೇ ಕಟ್ಟಬೇಕು.

ಮರ ಕಡಿದು ಮನೆ ಕಟ್ಟುವುದು ಕಾಡಿಗೆ ದ್ರೋಹವಲ್ಲವೇ ಎಂದು ಗೆಳೆಯನ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಹಳೆಯ ಕಾಡನ್ನು ಬರಿದು ಮಾಡಿ ತಂದ ಮರಕ್ಕೆ ನನ್ನ ಸಮರ್ಥನೆಯಿಲ್ಲ. ಆದರೆ ಕಡಿದಲ್ಲಿ ಮತ್ತೆ ಬೆಳೆಸುವ ತೋಪಿನಿಂದ ಬಂದ ಮರದ ಲೆಕ್ಕವೇ ಬೇರೆ. ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಒಂದು ಘನ ಮೀಟರ್ ಮರ ಗಾಳಿಯಿಂದ ಹೀರಿಕೊಂಡ ಸುಮಾರು 900 ಕಿಲೋ ಇಂಗಾಲದ ಡೈಆಕ್ಸೈಡಿನ ಅಂಶವನ್ನು ಮನೆ ನಿಂತಿರುವಷ್ಟು ಕಾಲವೂ ಹಿಡಿದಿಡುತ್ತದೆ. ಇತ್ತ ಸಿಮೆಂಟ್ ತಯಾರಿಕೆಯೊಂದೇ ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯ ಶೇ. 7-8ರಷ್ಟಕ್ಕೆ ಕಾರಣ. 1990ರ ದಶಕದಲ್ಲಿ ಆಸ್ಟ್ರಿಯಾ, ಜರ್ಮನಿಗಳಲ್ಲಿ ರೂಪುಗೊಂಡ, ಹಲಗೆಗಳನ್ನು ಅಡ್ಡ-ಉದ್ದವಾಗಿ ಪದರಪದರವಾಗಿ ಅಂಟಿಸುವ ತಂತ್ರದಿಂದ ಸಣ್ಣ ಮರಗಳೂ ದೊಡ್ಡ ಗೋಡೆ, ಚಾವಣಿಗಳಾಗುತ್ತಿವೆ. ಅಂಟಿಸಿದ ಮರದ ತೊಲೆ ಕಂಬಗಳನ್ನು ನಂಬಿ ನಾರ್ವೆಯಲ್ಲಿ 2019ರಲ್ಲಿ ಎದ್ದ ಮ್ಯೋಸ್ಟೋರ್ನೆಟ್ ಕಟ್ಟಡ 85 ಮೀಟರ್ ಎತ್ತರವಿದೆ.

ಸಂಜೆ ಗೆಳೆಯ ಹೊಸ ಮನೆಯ ನಕ್ಷೆಯನ್ನು ಬಿಡಿಸಿಟ್ಟಾಗ ಬಡಗಿ ತಮ್ಮ ಪುಸ್ತಕ ತೆರೆದು ತೊಲೆಗಳ ಉದ್ದಗಳನ್ನು ಒಂದೊಂದಾಗಿ ಓದಿದರು. ನಡುಮನೆಯ ಅಗಲವನ್ನು ತುಸು ಕಡಿಮೆ ಮಾಡಿದರೆ ಹಳೆಯ ತೊಲೆಗಳಲ್ಲಿ ಹೆಚ್ಚಿನವನ್ನು ಕತ್ತರಿಸದೆ ಹಾಗೆಯೇ ಕೂರಿಸಬಹುದೆಂದು ಲೆಕ್ಕ ಸಿಕ್ಕಿತು. ಗೆಳೆಯ ಒಪ್ಪಿಕೊಂಡು ನಕ್ಷೆಯನ್ನು ಅಲ್ಲಿಯೇ ತಿದ್ದಿದ.